ನಿಮ್ಮ ಬೀದಿಯ ಮರದ ಹೆಸರೇನು?

ಇಂಟರ್‌ವ್ಯೂ ಮುಗಿಯೋ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಬಿಡುವಿನ ವೇಳೇಲಿ ಏನ್ ಮಾಡ್ತೀರಿ?" ನಮ್ಮೆಲ್ಲರ ಹತ್ತಿರವೂ ರೆಡಿಮೇಡ್ ಉತ್ತರ ಇರುತ್ತದೆ. ಓದ್ತೀನಿ, ಟ್ರಾವೆಲ್ ಮಾಡ್ತೀನಿ, ಹಾಡು ಕೇಳ್ತೀನಿ. ಕೇಳಿದವರಿಗೂ ಗೊತ್ತು, ಹೇಳುವವರಿಗೂ ಗೊತ್ತು, ಅದು ಸುಮ್ಮನೆ ಮಾತು ಮುಗಿಸೋಕೆ ಅಂತ. ಕಳೆದ ವರ್ಷದಿಂದ ನಾನು ಬೇರೆ ಉತ್ತರ ಕೊಡುತ್ತಿದ್ದೇನೆ. "ಮರ ನೋಡ್ತೀನಿ."

ಒಬ್ಬರು ನಕ್ಕರು. ಇನ್ನೊಬ್ಬರು "ಗಾರ್ಡನಿಂಗಾ?" ಅಂದರು. ಅಲ್ಲ ಸರ್, ನೆಡೋದು, ನೀರು ಹಾಕೋದು ಏನೂ ಇಲ್ಲ. ಬೀದಿಯಲ್ಲಿ ಈಗಾಗಲೇ ಇರೋ ಮರಗಳನ್ನ ನಿಂತು ನೋಡೋದು, ನೋಡಿದ್ದನ್ನ ಬರೆದಿಡೋದು, ಅಷ್ಟೆ. ಇದರಲ್ಲಿ ಏನಿದೆ ಅಂತ ಈ ವಾರದ ಅಂಕಣದಲ್ಲಿ ಹೇಳಬೇಕು ಅನ್ನಿಸಿತು. ಯಾಕೆಂದರೆ ಹೋದ ವಾರ ಕೆಲವು ಓದುಗರು, "ಕೆಲಸ ಹೋದ ಮೇಲೆ ದಿನ ಹೇಗೆ ಕಳೆದ್ರಿ?" ಅಂತ ಕೇಳಿದ್ದರು. ನಿಜ ಹೇಳಬೇಕೆಂದರೆ, ಹೀಗೆ ಕಳೆದೆ.

ಕಳೆದ ವರ್ಷ ಜನವರಿ ಕೊನೆಗೆ ನಮ್ಮ ಟೀಮ್ ಪೂರ್ತಿ ಹೋಯಿತು. ಅದರ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವಂಥದ್ದೇ, ವಿವರ ಬೇಡ. ಕಷ್ಟವಾಗಿದ್ದು ದುಡ್ಡಿಗಿಂತ ಮುಂಚೆ ಬೆಳಗಿನ ಹೊತ್ತು. ಏಳು ವರ್ಷ ಎಂಟೂಕಾಲಿನ ಕ್ಯಾಬ್ ಹಿಡಿದ ಮೈಗೆ, ಎಂಟೂಕಾಲಿಗೆ ಮನೆಯಲ್ಲಿ ಕೂತಿರಲು ಆಗುತ್ತಿರಲಿಲ್ಲ. ಹಾಲು ತರೋ ನೆಪ ಮಾಡಿಕೊಂಡು ಹೊರಡುತ್ತಿದ್ದೆ. ಜಯನಗರದ ಆಚೆ ತುದಿಯಲ್ಲಿರುವ ನಮ್ಮ ಬೀದಿಯಿಂದ ಹಾಲಿನ ಬೂತ್‌ಗೆ ನಡೆದರೆ ಆರು ನಿಮಿಷ. ಬೇಕಂತಲೇ ಸುತ್ತು ಹಾಕಿ ನಲವತ್ತು ನಿಮಿಷ ಮಾಡುತ್ತಿದ್ದೆ.

ಫೋನ್ ನೋಡಿದರೆ ಲಿಂಕ್ಡ್‌ಇನ್, ಲಿಂಕ್ಡ್‌ಇನ್ ನೋಡಿದರೆ ಬೇರೆಯವರ ಪ್ರಮೋಷನ್. ಹಾಗಾಗಿ ಫೋನ್ ಜೇಬಿನಲ್ಲೇ ಇರುತ್ತಿತ್ತು. ಕಣ್ಣಿಗೆ ಏನಾದರೂ ಬೇಕಲ್ಲ? ಮೇಲೆ ನೋಡಿದೆ. ನಮ್ಮ ಬೀದಿಯಲ್ಲಿ ಹದಿನೇಳು ಮರಗಳಿವೆ. ಎಣಿಸಿದ್ದು ಆಗಲೇ. ಅವುಗಳಲ್ಲಿ ನನಗೆ ಹೆಸರು ಗೊತ್ತಿದ್ದದ್ದು ಮೂರಕ್ಕೆ: ಒಂದು ತೆಂಗು, ಒಂದು ಬೇವು, ಒಂದು ಮಾವು. ಉಳಿದವು "ಮರ".

ಇದು ನನ್ನೊಬ್ಬಳ ವಿಷಯ ಅಲ್ಲ. ಜೇಮ್ಸ್ ವಾಂಡರ್ಸೀ ಮತ್ತು ಎಲಿಸಬೆತ್ ಷುಸ್ಲರ್ ಎಂಬ ಅಮೆರಿಕದ ಇಬ್ಬರು ಸಸ್ಯಶಾಸ್ತ್ರ ಬೋಧಕರು 1999ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದರು, 'ಪ್ಲಾಂಟ್ ಬ್ಲೈಂಡ್‌ನೆಸ್' ಅಂತ. ಅಂದರೆ ಸುತ್ತ ಇರುವ ಗಿಡಮರಗಳು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದೇ ಇರುವುದು. ಕಾಡಿನ ಫೋಟೊ ತೋರಿಸಿ ಏನು ಕಾಣುತ್ತೆ ಅಂದರೆ ನಾವು "ಆನೆ" ಅಂತೀವಿ. ಆನೆಯ ಸುತ್ತ ಇರೋ ನೂರು ಮರ ನಮಗೆ ಬರೀ ಹಿನ್ನೆಲೆ.

ಹೆಸರು ಹಿಡಿಯುವ ಕೆಲಸ

ಮೊದಲು ಹಿಡಿದದ್ದು ನಮ್ಮ ಗೇಟಿನ ಎದುರಿನ ಮರವನ್ನ. ಫೆಬ್ರವರಿ ಮೊದಲ ವಾರ, ಎಲೆಯೆಲ್ಲ ಹಳದಿ ತಿರುಗಿ ಉದುರುತ್ತಿತ್ತು. ಹತ್ತೇ ದಿನದಲ್ಲಿ ಬೋಳು ಕೊಂಬೆಗಳಲ್ಲಿ ಹೊಸ ಚಿಗುರು. ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯೋ ತಿಳಿಹಸಿರು. ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಮೂರು ಬೇರೆ ಬೇರೆ ಹೆಸರು ತೋರಿಸಿತು. ಸರಿಯಾದ ಉತ್ತರ ಸಿಕ್ಕಿದ್ದು ಬೀದಿ ಗುಡಿಸುವ ಅಕ್ಕನಿಂದ.

"ಅಕ್ಕಾ, ಇದ್ಯಾವ ಮರ?"

"ಹೊಂಗೆ ಅಲ್ವೇನಮ್ಮ. ಗೊತ್ತಿಲ್ವಾ?" ಅಂದರು, ಪೊರಕೆ ನಿಲ್ಲಿಸದೆ.

ಹೊಂಗೆ! ಆ ಹೆಸರು ನನಗೆ ಗೊತ್ತಿತ್ತು. ಊರಲ್ಲಿ ನಮ್ಮ ಕಣದ ಪಕ್ಕ ಇದ್ದದ್ದು ಅದೇ ಮರ. ಆದರೆ ಅಲ್ಲಿಯ ಹೊಂಗೆಗೂ, ಇಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ, ಪಾರ್ಕ್ ಮಾಡಿದ ಕಾರುಗಳ ಮಧ್ಯೆ ನಿಂತಿದ್ದ ಮರಕ್ಕೂ ಸಂಬಂಧವಿದೆ ಅಂತ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅಕ್ಕನ ಮಾತು ಅಲ್ಲಿಗೆ ಮುಗಿಯಲಿಲ್ಲ. "ಇದು ಎಲೆ ಉದುರೋ ತಿಂಗ್ಳು ನಮ್ಗೆ ಸೊಂಟ ಬಿದ್ದೋಗುತ್ತೆ. ಹೂ ಬಿದ್ರೆ ಹಗುರ, ಆದ್ರೆ ಮಳೆ ಬಂದ್ರೆ ರೋಡಿಗೆ ಅಂಟ್ಕೊಂಡ್‌ಬಿಡುತ್ತೆ. ಆ ಕಡೆ ಕ್ರಾಸಲ್ಲಿ ಮಳೆಮರ ಇದ್ಯಲ್ಲ, ಅದ್ರ ಕಾಯಿ ತುಳಿದ್ರೆ ಚಪ್ಲಿಗೆ ಅಂಟು." ಯಾವ ಮರ ಯಾವ ತಿಂಗಳು ಏನು ಉದುರಿಸುತ್ತದೆ ಅನ್ನೋ ಕ್ಯಾಲೆಂಡರ್ ಪೂರ್ತಿ ಅವರ ಸೊಂಟದಲ್ಲೇ ಇತ್ತು. ನಾವು ಫೋಟೊ ಹಾಕಿ "ವಾವ್, ಹೂವಿನ ಹಾಸಿಗೆ" ಅಂತ ಬರೆಯೋ ಅದೇ ಹೂವು ಇನ್ನೊಬ್ಬರ ಬೆಳಗಿನ ಎರಡು ಗಂಟೆ ಕೆಲಸ. ಅವತ್ತಿಂದ ಹೂವಿನ ಫೋಟೊ ತೆಗೆಯೋವಾಗ ಆ ಪೊರಕೆ ಸದ್ದೂ ನನಗೆ ಕೇಳಿಸುತ್ತದೆ.

ಹೀಗೆ ಒಂದೊಂದಾಗಿ ಹೆಸರು ಹಿಡಿದೆ. ಹೂವಿಗೆ ಕಾಯುತ್ತಾ ಕೂತರೆ ವರ್ಷ ಹಿಡಿಯುತ್ತದೆ. ಎಲೆ, ತೊಗಟೆ, ಕಾಯಿ ನೋಡಬೇಕು. ಹೊಂಗೆಯ ಕಾಯಿ ಚಪ್ಪಟೆ, ಗಟ್ಟಿ, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಗುಲ್‌ಮೊಹರ್‌ನ ಕಾಯಿ ಉದ್ದ, ಕತ್ತಿಯ ಹಾಗೆ. ಮಕ್ಕಳು ಅದರಲ್ಲಿ ಯುದ್ಧ ಆಡ್ತಾರೆ. ಮಳೆಮರದ ಎಲೆಗಳು ಸಂಜೆಯಾದರೆ ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ, ದಟ್ಟ ಮೋಡ ಕವಿದರೂ ಹಾಗೇ ಮಾಡುತ್ತವೆ. ಏಳು ವರ್ಷ ಅದರ ಕೆಳಗೇ ಕ್ಯಾಬ್‌ಗೆ ಕಾಯುತ್ತಿದ್ದೆ ನಾನು. ಜುಲೈ ಹೊತ್ತಿಗೆ ಹದಿನೇಳರಲ್ಲಿ ಹದಿನಾರಕ್ಕೆ ಹೆಸರು ಸಿಕ್ಕಿತ್ತು. ಒಂದು ಇವತ್ತಿಗೂ ಸಿಕ್ಕಿಲ್ಲ. ಇರಲಿ.

ವಲಸೆ ಬಂದವರ ಊರು

ಹೆಸರು ಗೊತ್ತಾದ ಮೇಲೆ ಊರು ಕೇಳೋದು ನಮ್ಮ ಅಭ್ಯಾಸ ಅಲ್ಲವಾ? ಕೇಳುತ್ತಾ ಹೋದೆ. ಗುಲ್‌ಮೊಹರ್ ಮಡಗಾಸ್ಕರ್‌ನದು. ನೇರಳೆ ಬಣ್ಣದ ಜಕರಂದಾ ದಕ್ಷಿಣ ಅಮೆರಿಕದ್ದು. ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಬೆಂಗಳೂರು ಅಂದ ಕೂಡಲೇ ಎಲ್ಲರ ಸ್ಟೇಟಸ್‌ನಲ್ಲಿ ಬರೋ ಗುಲಾಬಿ ಬಣ್ಣದ ಟಬೂಬಿಯಾ ಇದೆಯಲ್ಲ, ಅದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶ. ಎಲ್ ಸಾಲ್ವಡೋರ್ ದೇಶದ ರಾಷ್ಟ್ರೀಯ ಮರ ಅದು. ಶಿವ ದೇವಸ್ಥಾನಗಳ ಆವರಣದಲ್ಲಿ ಭಕ್ತಿಯಿಂದ ಬೆಳೆಸುವ ನಾಗಲಿಂಗ ಪುಷ್ಪದ ಮರ ಕೂಡ ದಕ್ಷಿಣ ಅಮೆರಿಕದಿಂದ ಬಂದದ್ದೇ.

ಅವನ್ನು ಇಲ್ಲಿ ಸಾಲಾಗಿ ನಿಲ್ಲಿಸಿದವರಲ್ಲಿ ಒಬ್ಬರೂ ಹೊರಗಿನವರೇ. ಗುಸ್ತಾವ್ ಹರ್ಮನ್ ಕ್ರುಂಬಿಗಲ್, 1865ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದವರು. 1908ರಿಂದ ಲಾಲ್‌ಬಾಗ್ ನೋಡಿಕೊಂಡರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ವರ್ಷವಿಡೀ ಊರಿನ ಯಾವುದೋ ಬೀದಿಯಲ್ಲಿ ಹೂ ಇರಬೇಕು ಅನ್ನುವ ಯೋಚನೆ ಅವರದು ಅಂತಾರೆ. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಅನ್ನೋ ಒಂದೇ ಕಾರಣಕ್ಕೆ ಬಂಧನ ಅನುಭವಿಸಿದರು. ಆದರೂ ಊರು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ.

ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟರು. ಇವತ್ತು ನಾವು ಸ್ಕೂಟರ್ ನಿಲ್ಲಿಸೋ ನೆರಳಿನಲ್ಲಿ ಎಷ್ಟೋ ಪಾಲು ಆ ಕಾಲದ್ದು. ನೆಟ್ಟವರಿಗೆ ಆ ನೆರಳು ಸಿಗೋಕೆ ಹದಿನೈದು ಇಪ್ಪತ್ತು ವರ್ಷವಾದರೂ ಬೇಕಿತ್ತು ಅನ್ನೋದನ್ನ ಯೋಚಿಸಿ. ನಮ್ಮ ಆಫೀಸಿನಲ್ಲಿ 'ಲಾಂಗ್ ಟರ್ಮ್' ಅಂದರೆ ಮೂರು ಕ್ವಾರ್ಟರ್.

ಇದೆಲ್ಲ ನನಗೆ ಯಾಕೆ ಮುಖ್ಯವಾಯಿತು ಅಂದರೆ, ಆ ದಿನಗಳಲ್ಲಿ ಒಂದು ಪ್ರಶ್ನೆ ಒಳಗೇ ಕೊರೆಯುತ್ತಿತ್ತು. ಕೆಲಸ ಇದ್ದಾಗ ನಾನು ಬೆಂಗಳೂರಿನವಳು. ಕೆಲಸ ಹೋದ ದಿನ, ಈ ಊರಲ್ಲಿ ನನಗೇನು ಹಕ್ಕು? ಹಾಸನದ ಕಡೆಯ ಹಳ್ಳಿಯವಳು, ಬಾಡಿಗೆ ಮನೆ, ಇಲ್ಲಿ ಬಂಧುಗಳಿಲ್ಲ. ವಾಪಸ್ ಹೋಗೋಣ ಅಂದರೆ ಅಲ್ಲಿ ನನ್ನ ವಿದ್ಯೆಗೆ ಕೆಲಸವಿಲ್ಲ. ಮಡಗಾಸ್ಕರ್‌ನ ಮರವೊಂದು ಜಯನಗರದ ಮರ ಅಂತ ಅನ್ನಿಸಿಕೊಳ್ಳೋಕೆ ಏನು ಮಾಡಿತು? ಬೇರು ಬಿಟ್ಟಿತು, ಜನಕ್ಕೆ ನೆರಳು ಕೊಟ್ಟಿತು, ಜನ ಅದನ್ನ ತಮ್ಮದು ಅಂದುಕೊಂಡರು. ಅಷ್ಟಕ್ಕೆ ಆಫರ್ ಲೆಟರ್ ಬೇಕಾಗಲಿಲ್ಲ. ಈ ಯೋಚನೆಯಿಂದ ಬಾಡಿಗೆ ಕಟ್ಟೋಕೆ ಆಗಲ್ಲ, ನನಗೂ ಗೊತ್ತು. ಆದರೆ ರಾತ್ರಿ ನಿದ್ದೆ ಬರೋಕೆ ಸಹಾಯ ಆಯಿತು.

ಅಪ್ಪನ ಫೋನ್

ಕೆಲಸ ಹೋದ ವಿಷಯ ಮೊದಲ ದಿನವೇ ಮನೆಗೆ ಹೇಳಿದ್ದೆ. ಅಮ್ಮ ಅತ್ತಳು, ಆಮೇಲೆ ಚಟ್ನಿಪುಡಿ ಕಳಿಸಿದಳು. ಅಪ್ಪ ಏನೂ ಅನ್ನಲಿಲ್ಲ. ದಿನಾ ಸಂಜೆ ಫೋನ್ ಮಾಡಿ "ಊಟ ಆಯ್ತಾ?" ಅನ್ನೋರು. "ಆಯ್ತಪ್ಪ." "ಮತ್ತೆ?" "ಏನಿಲ್ಲ." ಅಲ್ಲಿಗೆ ಇಬ್ಬರಿಗೂ ಮಾತು ಖಾಲಿ. ಕೆಲಸ ಸಿಕ್ತಾ ಅಂತ ಕೇಳೋಕೆ ಅವರಿಗೆ ಸಂಕೋಚ, ಸಿಕ್ಕಿಲ್ಲ ಅಂತ ಹೇಳೋಕೆ ನನಗೆ.

ಒಂದಿನ ಏನೂ ತೋಚದೆ, "ಅಪ್ಪ, ನಮ್ಮನೆ ಎದುರಿಗೆ ಹೊಂಗೆ ಮರ ಐತೆ, ಚಿಗುರ್ತಾ ಐತೆ" ಅಂದೆ.

ಆ ಕಡೆ ಒಂದು ಕ್ಷಣ ಸುಮ್ಮನಿದ್ದು, "ಚಿಗುರು ಬಂದ್ರೆ ಹಿಂದ್ಲೇ ಹೂವಾಯ್ತದೆ ನೋಡು. ಜೇನು ಮುತ್ಕತ್ತವೆ" ಅಂದರು. ಅವತ್ತು ಫೋನ್ ಇಟ್ಟಾಗ ಇಪ್ಪತ್ತೆರಡು ನಿಮಿಷ ಆಗಿತ್ತು. ಗದ್ದೆ ಕೆಸರಿಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದದ್ದು, ಹೊಂಗೆ ಎಣ್ಣೆ ದೀಪದಲ್ಲಿ ಅವರು ಓದಿದ್ದು, ಬೇಸಿಗೆ ಮಧ್ಯಾಹ್ನ ದನಗಳು ತಾವಾಗೇ ಹೋಗಿ ಹೊಂಗೆ ನೆರಳು ಹುಡುಕಿ ನಿಲ್ಲೋದು, ಇದ್ಯಾವುದನ್ನೂ ಅಪ್ಪ ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಕೇಳುವಂಥ ಸಂದರ್ಭವೇ ಬಂದಿರಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ನಾನು ಒಂದು ಮರ ಹೇಳೋದು, ಅವರು ಅದರ ಲೆಕ್ಕ ಕೇಳೋದು. ಅಪ್ಪನಿಗೆ ಮರ ಅಂದರೆ ಉಪಯೋಗ. ಜಕರಂದಾ ಬಗ್ಗೆ ಹೇಳಿದಾಗ,

"ಅದೇನಕ್ ಬತ್ತದವ್ವ?" ಅಂದರು.

"ಏನಕ್ಕೂ ಬರಲ್ಲಪ್ಪ, ನೀಲಿ ಹೂ ಬಿಡುತ್ತೆ ಅಷ್ಟೆ."

"ಇನ್ಯಾಕ್ ನೆಟ್ರು?"

"ನೋಡೋಕೆ."

ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹೂಂ, ಅದೂ ಒಂದು ಕೆಲ್ಸನೇ ಅನ್ನು" ಅಂದರು.

ಆ ಮಾತು ಮರದ ಬಗ್ಗೆಯೋ, ಮನೆಯಲ್ಲಿ ಸುಮ್ಮನೆ ಕೂತ ಮಗಳ ಬಗ್ಗೆಯೋ, ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಆದರೆ ಆವತ್ತಿಂದ "ಏನಿಲ್ಲ" ಅನ್ನೋ ಪದ ನಮ್ಮ ಫೋನಿನಲ್ಲಿ ಕಮ್ಮಿಯಾಯಿತು.

ಇಲ್ಲ, ಸ್ವಲ್ಪ, ತುಂಬಾ

'ಸೀಸನ್‌ವಾಚ್' ಅಂತ ಒಂದು ಕಾರ್ಯಕ್ರಮವಿದೆ. ದೇಶದಾದ್ಯಂತ ಶಾಲಾ ಮಕ್ಕಳು, ಆಸಕ್ತರು ತಮ್ಮ ಹತ್ತಿರದ ಒಂದು ಮರವನ್ನ ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ ದಾಖಲಿಸುತ್ತಾರೆ. ಎಲೆ ಎಳೆಯದೋ, ಬಲಿತದ್ದೋ, ಒಣಗುತ್ತಿದೆಯೋ. ಮೊಗ್ಗಿದೆಯೋ, ಹೂ ಅರಳಿದೆಯೋ. ಕಾಯಿ ಹಸಿಯೋ, ಹಣ್ಣೋ. ಪ್ರತಿಯೊಂದೂ ಇದೆಯೋ ಇಲ್ಲವೋ, ಇದ್ದರೆ ಸ್ವಲ್ಪವೋ ತುಂಬಾನೋ ಅಂತ ಬರೆದರೆ ಸಾಕು. ಹವಾಮಾನ ಬದಲಾದಂತೆ ಮರಗಳ ವೇಳಾಪಟ್ಟಿ ಹೇಗೆ ಬದಲಾಗುತ್ತದೆ ಅನ್ನೋದನ್ನ ತಿಳಿಯೋಕೆ ಇಂಥ ದಾಖಲೆ ಬೇಕು.

ನಾನು ಅದೇ ಪದ್ಧತಿಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. ಪ್ರತಿ ಭಾನುವಾರ, ಗೇಟಿನ ಎದುರಿನ ಹೊಂಗೆ. "ಎಳೆ ಎಲೆ: ತುಂಬಾ. ಮೊಗ್ಗು: ಸ್ವಲ್ಪ. ಹೂ: ಇಲ್ಲ." ಎರಡು ನಿಮಿಷದ ಕೆಲಸ.

ನಾಲ್ಕೈದು ವಾರ ಬರೆದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಈ ಪುಸ್ತಕದಲ್ಲಿ 'ಚೆನ್ನಾಗಿದೆ', 'ಸಾಲದು', 'ಸುಧಾರಿಸಬೇಕು' ಅನ್ನೋ ಪದಗಳೇ ಇಲ್ಲ. ಏನಿದೆಯೋ ಅದನ್ನ ಬರೆಯೋದು. ಹೂ ಇಲ್ಲ ಅಂದರೆ ಇಲ್ಲ. ಅದು ಮರದ ತಪ್ಪಲ್ಲ, ಜೂನ್ ತಿಂಗಳು ಅಷ್ಟೆ. ನಾನು ಏಳು ವರ್ಷ ಅಪ್ರೈಸಲ್ ಫಾರ್ಮ್ ತುಂಬಿದವಳು. ನನ್ನ ಬಗ್ಗೆ ನಾನು ಬರೆದುಕೊಳ್ಳುವ ಭಾಷೆಯೇ ಅಂಕ ಹಾಕುವ ಭಾಷೆಯಾಗಿತ್ತು. ಐದಕ್ಕೆ ಎಷ್ಟು? ಹೋದ ವರ್ಷಕ್ಕಿಂತ ಹೆಚ್ಚಾ, ಕಮ್ಮಿಯಾ?

ಮಾರ್ಚ್‌ನಲ್ಲಿ ಎರಡು ಕಡೆ ಕೊನೆಯ ಸುತ್ತಿನಲ್ಲಿ ನನ್ನನ್ನ ಬಿಟ್ಟರು. ಎರಡನೆಯದರ ಮೇಲ್ ಬಂದದ್ದು ಶನಿವಾರ ರಾತ್ರಿ. ಭಾನುವಾರ ಬೆಳಿಗ್ಗೆ ಹೊಂಗೆ ನೋಡಿ ಬಂದು, ಅದರ ಕೆಳಗೆ ನನ್ನದೂ ಒಂದು ಸಾಲು ಬರೆದೆ. "ನಿದ್ದೆ: ಸ್ವಲ್ಪ. ಭಯ: ತುಂಬಾ. ಹಸಿವು: ಇದೆ. ಸಿಟ್ಟು: ಇಲ್ಲ." ಬರೆದು ನೋಡಿದಾಗ ಆಶ್ಚರ್ಯವಾಯಿತು. "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅಂತ ರಾತ್ರಿಯೆಲ್ಲ ಅನ್ನಿಸಿದ್ದು ಆ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಭಯ. ಭಯಕ್ಕೆ ಏನಾದರೂ ಮಾಡಬಹುದು. ಕೈಯಲ್ಲಿರೋ ದುಡ್ಡು ಎಷ್ಟು ತಿಂಗಳು ಬರುತ್ತೆ ಅಂತ ಕೂತು ಲೆಕ್ಕ ಹಾಕಬಹುದು. ಹಾಕಿದೆ. ಐದು ತಿಂಗಳು ಬರುತ್ತಿತ್ತು. ಭಯ ಹೋಗಲಿಲ್ಲ, ಆದರೆ ಅದಕ್ಕೊಂದು ಅಳತೆ ಸಿಕ್ಕಿತು.

ಸ್ವಂತ ಬೆಳವಣಿಗೆ ಅಂತ ನಾವು ಕರೆಯೋದರಲ್ಲಿ ಬಹುಪಾಲು ನಮ್ಮನ್ನ ನಾವೇ ತಿದ್ದಿಕೊಳ್ಳುವ ಗಡಿಬಿಡಿ. ಐದು ಗಂಟೆಗೆ ಏಳು, ತಿಂಗಳಿಗೆ ನಾಲ್ಕು ಪುಸ್ತಕ ಓದು, ಸಕ್ಕರೆ ಬಿಡು. ಬೇಡ ಅನ್ನಲ್ಲ. ಆದರೆ ತಿದ್ದೋ ಮುಂಚೆ ನೋಡಬೇಕಲ್ಲ? ಇರೋದನ್ನ ಇರೋ ಹಾಗೆ ನೋಡುವ ಅಭ್ಯಾಸ ನನಗೆ ಬಂದದ್ದು ಮರದಿಂದ. ಮರದ ಬಗ್ಗೆ ನನಗೆ ಯಾವ ಗುರಿಯೂ ಇರಲಿಲ್ಲ, ಅದಕ್ಕೇ ಅಲ್ಲಿ ಅದು ಸುಲಭವಾಯಿತು.

ಪಾಠ ಅಲ್ಲದ ಒಂದು ಸಂಗತಿ

ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಬಂದು ನೋಡಿದರೆ, ತಂತಿಗೆ ತಾಗುತ್ತದೆ ಅಂತ ಹೊಂಗೆಯ ಒಂದು ಪಕ್ಕವನ್ನ ಪೂರ್ತಿ ಕಡಿದಿದ್ದರು. ಕೊಂಬೆ ಸವರಿದ್ದಲ್ಲ, ಬುಡದಿಂದಲೇ ತೆಗೆದಿದ್ದರು. ಇನ್ನೊಂದು ಪಕ್ಕದ ಭಾರಕ್ಕೆ ಮರ ರಸ್ತೆ ಕಡೆ ವಾಲಿದ ಹಾಗೆ ಕಾಣುತ್ತಿತ್ತು. ಆ ವಾರ ಪುಸ್ತಕದಲ್ಲಿ ಏನು ಬರೆಯಬೇಕು ಅಂತಲೇ ತಿಳಿಯಲಿಲ್ಲ.

ಹೊಂಗೆ ಕಡಿದ ಜಾಗದಲ್ಲಿ ಬೇಗ ಚಿಗುರುವ ಮರ. ಅಕ್ಟೋಬರ್‌ಗೆ ಗಾಯದ ಸುತ್ತ ಹೊಸ ರೆಂಬೆ ಬಂದವು. ಇದನ್ನ ಹೇಳಿದ ಕೂಡಲೇ ಗೆಳತಿಯೊಬ್ಬಳು, "ನೋಡು, ನೀನೂ ಹಾಗೇ ಚಿಗುರಿದೆ!" ಅಂದಳು. ಅವಳ ಪ್ರೀತಿ ನನಗೆ ಗೊತ್ತು. ಆದರೆ ನನಗೆ ಆ ಹೋಲಿಕೆ ಇಷ್ಟವಾಗಲಿಲ್ಲ. ಮರ ಚಿಗುರಿದ್ದು ನನಗೆ ಸ್ಫೂರ್ತಿ ಕೊಡೋಕಲ್ಲ, ಅದಕ್ಕೆ ಬದುಕಬೇಕಿತ್ತು. ಚಿಗುರುತ್ತದೆ ಅನ್ನೋ ಕಾರಣಕ್ಕೆ ಕಡಿದದ್ದು ಸರಿಯಾಗಿಬಿಡುವುದೂ ಇಲ್ಲ. ಮನುಷ್ಯರ ವಿಷಯಕ್ಕೂ ಈ ಮಾತು ನಿಲ್ಲುತ್ತದೆ ಅಂತ ಅಂದುಕೊಂಡಿದ್ದೇನೆ.

ಅದಕ್ಕೆ ಬದಲಾಗಿ ಮಾಡಿದ್ದು ಇಷ್ಟು. ಕರ್ನಾಟಕದಲ್ಲಿ 1976ರಿಂದ ಮರಗಳ ಸಂರಕ್ಷಣೆಗೆ ಒಂದು ಕಾಯಿದೆ ಇದೆ. ಮರ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಇದನ್ನ ಓದಿ ತಿಳಿದುಕೊಂಡು, ಬೀದಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದೆ. ಮೂರನೇ ಮನೆಯ ನಿವೃತ್ತ ಮೇಷ್ಟ್ರು, ಎದುರುಮನೆಯ ಆಂಟಿ, ನಾನು, ಮೂವರೂ ಹೋಗಿ ಮುಂದಿನ ಸಲ ಸವರುವ ಮುಂಚೆ ತಿಳಿಸಿ ಅಂತ ಅರ್ಜಿ ಕೊಟ್ಟು ಬಂದೆವು. ಏಳು ವರ್ಷದಲ್ಲಿ ಆ ಇಬ್ಬರ ಹತ್ತಿರ ನಾನು ಮಾತಾಡಿದ್ದು ಅದೇ ಮೊದಲು. ಈಗ ಮೇಷ್ಟ್ರು ನನ್ನನ್ನ ಕಂಡರೆ "ಏನಮ್ಮ, ಹೊಂಗೆ ಹುಡುಗಿ" ಅಂತಾರೆ. ಈ ಊರಲ್ಲಿ ನನಗೆ ಸಿಕ್ಕ ಮೊದಲ ಅಡ್ಡಹೆಸರು ಅದು.

ಕೆಲಸ ಸಿಕ್ಕಿತಾ ಅಂತ ಕೇಳ್ತೀರಿ. ಜೂನ್ ಕೊನೆಗೆ ಸಿಕ್ಕಿತು, ಹಳೆಯದಕ್ಕಿಂತ ಸ್ವಲ್ಪ ಕಡಿಮೆ ಸಂಬಳಕ್ಕೆ. ಮರ ನೋಡಿದ್ದಕ್ಕೆ ಸಿಕ್ಕಿದ್ದಲ್ಲ, ನಲವತ್ತೊಂದು ಅರ್ಜಿ ಹಾಕಿದ್ದಕ್ಕೆ ಸಿಕ್ಕಿದ್ದು. ಆದರೆ ನಲವತ್ತೊಂದನೆಯದನ್ನ ಹಾಕುವ ತನಕ ತಲೆ ನೆಟ್ಟಗಿರೋಕೆ ಆ ಭಾನುವಾರಗಳು ಬೇಕಾಗಿದ್ದವು.

ನೀವೂ ಶುರು ಮಾಡೋದಾದರೆ ತುಂಬಾ ಏನೂ ಬೇಡ. ದಿನಾ ಹೇಗೂ ಹಾದುಹೋಗುವ ಜಾಗದಲ್ಲಿ ಒಂದೇ ಒಂದು ಮರ ಆರಿಸಿ. ಬಸ್‌ಸ್ಟಾಪ್ ಆಗಲಿ, ಆಫೀಸಿನ ಪಾರ್ಕಿಂಗ್ ಆಗಲಿ. ಹೆಸರು ಗೊತ್ತಿಲ್ಲದಿದ್ದರೆ ಆ್ಯಪ್‌ಗಿಂತ ಮುಂಚೆ ಅಲ್ಲೇ ಕೆಲಸ ಮಾಡುವವರನ್ನ ಕೇಳಿ: ಹೂ ಮಾರುವವರು, ಸೆಕ್ಯುರಿಟಿಯವರು, ಗುಡಿಸುವವರು. ವಾರಕ್ಕೊಂದು ದಿನ, ಎಲೆ, ಹೂ, ಕಾಯಿ, ಮೂರೇ ಸಾಲು. ಮನಸ್ಸಾದರೆ ಕೆಳಗೆ ನಿಮ್ಮದೂ ಒಂದು ಸಾಲು. ಮೂರು ತಿಂಗಳು ಬರೆದು ಆಮೇಲೆ ಹಿಂದಕ್ಕೆ ತಿರುವಿ ನೋಡಿ.

ಎಲ್ಲಿ ಯಾವಾಗ ಏನು ಸಿಗುತ್ತದೆ ಅಂತ ಬೆಂಗಳೂರಿನವರಿಗೆ ಸಣ್ಣ ಸುಳಿವು: ವರ್ಷದ ಮೊದಲ ತಿಂಗಳುಗಳಲ್ಲಿ ಬೂರುಗ ಮತ್ತು ಗುಲಾಬಿ ಟಬೂಬಿಯಾ, ಫೆಬ್ರವರಿ ಮಾರ್ಚ್‌ನಲ್ಲಿ ಹೊಂಗೆ ಚಿಗುರು ಮತ್ತು ಜಕರಂದಾ, ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್ ಮತ್ತು ಹೊಳೆದಾಸವಾಳ, ಮಳೆ ಮುಗಿದು ಚಳಿ ಶುರುವಾಗುವಾಗ ಆಕಾಶಮಲ್ಲಿಗೆ. ಆಕಾಶಮಲ್ಲಿಗೆಗೆ ಮೇಲೆ ನೋಡೋದೂ ಬೇಡ. ಬೆಳಿಗ್ಗೆ ಬೇಗ ಎದ್ದರೆ ಬಿಳಿ ಹೂ ಕಾಲಡಿಯೇ ಬಿದ್ದಿರುತ್ತದೆ, ಪರಿಮಳ ಇನ್ನೂ ಹೋಗಿರುವುದಿಲ್ಲ.

ನಿಮ್ಮ ಮರ ಯಾವುದು ಅಂತ ಬರೆದು ತಿಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಎಲೆ, ಕಾಯಿಯ ಫೋಟೊ ಕಳಿಸಿ. ನನಗೆ ಗೊತ್ತಿದ್ದರೆ ಹೇಳ್ತೀನಿ, ಇಲ್ಲದಿದ್ದರೆ ಅಪ್ಪನ್ನ ಕೇಳಿ ಹೇಳ್ತೀನಿ.